ಸಣ್ಣಕ್ಷರದ ಪುಟ

ನಮ್ಮ ಬೀದಿಯ ಕನ್ನಡಕದ ಅಂಗಡಿಯವರಿಗೆ ‘ಸಂಪಾದಕರು’ ಎಂದು ಹೆಸರಿಟ್ಟದ್ದು ಎದುರಿನ ಬೇಕರಿಯವನು. ಇಟ್ಟಾಗ ಅದು ಬೈಗುಳವಾಗಿತ್ತು. ಬ್ರೆಡ್ಡು ಕೊಳ್ಳಲು ಬಂದ ಇವರು ಯಾವುದೋ ದೂರದೇಶದ ಹಣಕಾಸು ಮಂತ್ರಿಯ ರಾಜೀನಾಮೆಯ ಒಳಗುಟ್ಟನ್ನು ಬಿಚ್ಚಿಡುತ್ತ ನಿಂತು, ಅಷ್ಟರಲ್ಲಿ ಒಲೆಯೊಳಗಿನ ಬನ್ನುಗಳೆಲ್ಲ ಕರಿಕಲಾದರೆ ಯಾವ ಬೇಕರಿಯವನಿಗಾದರೂ ಬೈಯಬೇಕೆನಿಸುತ್ತದೆ. ಆದರೆ ಕನ್ನಡಕದವರು ಅದನ್ನು ಬಿರುದೆಂದೇ ತಿಳಿದರು. “ಏನೋ, ಜನ ಪ್ರೀತಿಯಿಂದ ಕರೀತಾರೆ” ಎಂದು ಹೊಸಬರ ಮುಂದೆ ತಲೆ ಬಾಗಿಸಿ ಹೇಳುವಷ್ಟು ಹಿಡಿಸಿತು. ಬೈದದ್ದನ್ನು ಹಾರ ಹಾಕಿಸಿಕೊಂಡಂತೆ ಸ್ವೀಕರಿಸುವ ಮನುಷ್ಯನ ಮುಂದೆ ಬೇಕರಿಯವನೂ ಸೋತ. ಕೊನೆಗೆ ಅವನೂ ಗೌರವದಿಂದಲೇ ಕರೆಯತೊಡಗಿದ.

ಸಂಪಾದಕರ ದಿನ ರೇಡಿಯೋದಿಂದ ಶುರುವಾಗುತ್ತಿತ್ತು. ಗಡ್ಡ ಹೆರೆಯುವಾಗ ದೇಶದ ವಾರ್ತೆ, ಹಲ್ಲುಜ್ಜುವಾಗ ಜಗತ್ತಿನ ವಾರ್ತೆ. ಆಮೇಲೆ ಎರಡು ಪೇಪರು. ಒಂದು ತಮ್ಮ ಅಭಿಪ್ರಾಯ ಸರಿಯೆಂದು ಖಚಿತಪಡಿಸಿಕೊಳ್ಳಲು, ಇನ್ನೊಂದು ಸಿಟ್ಟು ಮಾಡಿಕೊಳ್ಳಲು. ಅಂಗಡಿಯ ಮೂಲೆಯಲ್ಲಿ, ಫ್ರೇಮುಗಳ ಸಾಲಿನ ಮೇಲೆ, ಒಂದು ಟೀವಿ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಗಿರಾಕಿಗಳಿಗೆ ತೊಂದರೆಯಾಗಬಾರದೆಂದು ಅದರ ದನಿಯನ್ನು ಪೂರ್ತಿ ಅಡಗಿಸಿಟ್ಟಿದ್ದರು. ಪರದೆಯ ಮೇಲೆ ನಾಲ್ಕಾರು ಜನ ಒಬ್ಬರ ಮೇಲೊಬ್ಬರು ಬಾಯಿ ಬಡಿದುಕೊಳ್ಳುತ್ತಿದ್ದರೆ ಅವರೆಲ್ಲರ ಪರವಾಗಿಯೂ ಸಂಪಾದಕರೇ ಮಾತಾಡುತ್ತಿದ್ದರು. ಇದಲ್ಲದೆ ಜೇಬಿನಲ್ಲಿ ಮೊಬೈಲು. ಅದು ಗುಂಯ್ ಎಂದಾಗಲೆಲ್ಲ ಮಸೂರ ಉಜ್ಜುವ ಬಟ್ಟೆಯನ್ನು ಹಾಗೇ ಹೆಗಲ ಮೇಲೆಸೆದು, ಬಂದ ಸುದ್ದಿಯನ್ನು ಇನ್ನಷ್ಟು ಜನಕ್ಕೆ ಕಳಿಸಿ, ಒಂದು ದೊಡ್ಡ ಕೆಲಸ ಮುಗಿಸಿದವರಂತೆ ಉಸಿರು ಬಿಡುತ್ತಿದ್ದರು.

“ಎಚ್ಚರವಾಗಿರೋ ನಾಗರಿಕ ಒಂದು ಗಂಟೆ ಕಣ್ಣು ಮುಚ್ಚಿದ ಅಂದ್ರೆ, ಆ ಒಂದು ಗಂಟೆ ದೇಶಕ್ಕೆ ಕಾವಲಿಲ್ಲ ಅಂತ ಅರ್ಥ” ಎನ್ನುತ್ತಿದ್ದರು.

“ಹಾಗಾದ್ರೆ ಮಧ್ಯಾಹ್ನ ಊಟ ಆದ್ಮೇಲೆ ಗೊರಕೆ ಹೊಡೀತೀರಲ್ಲ, ಆಗ ಯಾರು ಸ್ವಾಮಿ ಕಾವಲು?” ಎಂದು ಬೇಕರಿಯವನು ಕೇಳುತ್ತಿದ್ದ.

“ಆಗ ಅಕ್ಕ ಎದ್ದಿರ್ತಾಳೆ.”

ಅಕ್ಕ ಎಂದರೆ ಅವರ ಸ್ವಂತ ಅಕ್ಕ. ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಮಾತನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಜೋಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಬೇರೆಯವರ ಮಾತನ್ನು ಅಷ್ಟು ವರ್ಷ ಕೇಳಿದ್ದರಿಂದಲೋ ಏನೋ, ತಾನು ಆಡುವ ಮಾತು ಕಡಿಮೆ, ಆಡಿದ್ದು ಚುಚ್ಚುತ್ತಿತ್ತು. ತಮ್ಮನಿಗೆ ಯಾಕೆ ಮದುವೆಯಾಗಲಿಲ್ಲವೆಂದು ಯಾರಾದರೂ ಕೇಳಿದರೆ, “ಅವನು ಪೇಪರ್ ಓದಿ ಮುಗಿಸಲಿ ಅಂತ ಕಾಯ್ತಿದ್ವಿ” ಎನ್ನುತ್ತಿದ್ದಳು.

ಹಿಂದಿನ ವರ್ಷ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಬಲಗಾಲು ಬಲಗೈ ಎರಡೂ ಮರದ ಕೊರಡಿನಂತಾದವು. ಬಾಯಿ ಮಾತ್ರ ಮೊದಲಿನಂತೆಯೇ ಉಳಿಯಿತು. “ಅದಕ್ಕೂ ಹೊಡೆದಿದ್ರೆ ಈ ಮನೆ ಪೂರ್ತಿ ಇವನ ಪಾಲಾಗ್ತಿತ್ತು” ಎಂದು ಆಸ್ಪತ್ರೆಯ ಹಾಸಿಗೆಯಲ್ಲೇ ಹೇಳಿದಳಂತೆ.

ಬೀದಿಯ ತುದಿಯಲ್ಲಿ ನಗರಸಭೆಯ ಒಂದು ಸಣ್ಣ ಆರೋಗ್ಯ ಕೇಂದ್ರವಿತ್ತು. ಹಳದಿ ಬಣ್ಣ ಬಳಿದ ಎರಡು ಕೋಣೆ, ಹೊರಗೆ ಬೆಂಚು, ಒಳಗೆ ಗೋಡೆಗೆ ಜೋಡಿಸಿದ ಕಬ್ಬಿಣದ ಕಂಬಿ. ಅಲ್ಲಿ ವ್ಯಾಯಾಮ ಮಾಡಿಸಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಅಕ್ಕ ಅವಳನ್ನು ಮೇಷ್ಟ್ರಮ್ಮ ಎನ್ನುತ್ತಿದ್ದಳು. ಮೇಷ್ಟ್ರಮ್ಮ ಆ ಕಂಬಿ ಹಿಡಿಸಿ, ಬೈದು, ನಗಿಸಿ, ಅಕ್ಕನನ್ನು ಮೊದಲು ನಿಲ್ಲಿಸಿದಳು, ಆಮೇಲೆ ನಡೆಸಿದಳು. ಮೊದಮೊದಲು ಸಂಪಾದಕರು ಅವಳ ತೋಳು ಹಿಡಿದು ಕರೆದೊಯ್ಯುತ್ತಿದ್ದರು. ಬರಬರುತ್ತ ಅಕ್ಕ ಕೋಲೂರಿಕೊಂಡು ಒಬ್ಬಳೇ ಹೋಗಿ ಒಬ್ಬಳೇ ಬರತೊಡಗಿದಳು. ಬೇಕರಿ, ಬೀಗ ರಿಪೇರಿಯವನ ಗೂಡು, ಬಟ್ಟೆ ತೊಳೆಯುವ ಅಂಗಡಿ, ಎಲ್ಲದರ ಮುಂದೆ ಒಂದೊಂದು ಗಳಿಗೆ ನಿಂತು, ಒಂದೊಂದು ಮಾತು ಒಗೆದು, ಮುಂದೆ ಹೋಗುತ್ತಿದ್ದಳು. ಯಾರ ಕೈಯನ್ನೂ ಹಿಡಿಯದೆ ಹೋಗುವ ಆ ನಡಿಗೆ ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿತ್ತು. “ನಡುವೆ ಬಿಡಬಾರದು ಅಮ್ಮಾ. ಬಿಟ್ರೆ ಕಾಲು ಕಲಿತಿದ್ದನ್ನೆಲ್ಲ ಮರೆತುಬಿಡುತ್ತೆ” ಎಂದು ಮೇಷ್ಟ್ರಮ್ಮ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದಳು.

ಇಲ್ಲಿ ಸಂಪಾದಕರ ಕಸುಬಿನ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಬೇರೆ ಕನ್ನಡಕದ ಅಂಗಡಿಗಳಲ್ಲಿ ಹತ್ತಿರದ ನಂಬರು ನೋಡಲು ಅಚ್ಚು ಹಾಕಿದ ಒಂದು ಕಾರ್ಡು ಕೊಡುತ್ತಾರೆ. ಮೇಲೆ ದಪ್ಪಕ್ಷರ, ಕೆಳಗಿಳಿದಂತೆ ಸಣ್ಣಕ್ಷರ. ಸಂಪಾದಕರಿಗೆ ಅದು ಸೇರುತ್ತಿರಲಿಲ್ಲ. “ಮನುಷ್ಯ ಕನ್ನಡಕ ಹಾಕ್ಕೊಳ್ಳೋದು ಪೇಪರ್ ಓದೋದಕ್ಕೆ ತಾನೆ? ಹಾಗಾದ್ರೆ ಪೇಪರನ್ನೇ ಓದಲಿ” ಎಂಬುದು ಅವರ ವಾದ. ವಾದವೇನೋ ಚೆನ್ನಾಗಿತ್ತು. ಆದರೆ ಮುಖಪುಟವನ್ನು ಗಿರಾಕಿಗಳ ಬೆವರುಗೈಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ಸಂಪಾದಕೀಯದ ಪುಟವನ್ನಂತೂ ಮಡಿಕೆ ಬೀಳದಂತೆ ಎತ್ತಿಡುತ್ತಿದ್ದರು. ಹಾಗಾಗಿ ಅವರ ಕಣ್ಣಿಗೆ ಸುದ್ದಿಯೇ ಅಲ್ಲದ ಒಂದು ಪುಟವನ್ನು ಬೇರ್ಪಡಿಸಿ ಇದಕ್ಕೆಂದೇ ಇಟ್ಟಿದ್ದರು. ಟೆಂಡರು, ಹರಾಜು, ಹೆಸರು ಬದಲಾವಣೆ, ಕಳೆದುಹೋದ ದಾಖಲೆ, ಸರ್ಕಾರಿ ಪ್ರಕಟಣೆ ಇವೆಲ್ಲ ಇರುವ ಪುಟ. ಅಕ್ಷರಗಳೂ ಇಡೀ ಪೇಪರಿನಲ್ಲೇ ಅತಿ ಸಣ್ಣವು. ಅದನ್ನು ಒಂದು ಹಲಗೆಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದರೆ, ಬೆರಳಿನ ಕೊಳೆಗೆ ಅಕ್ಷರ ಮಾಸುವವರೆಗೆ ಅದೇ ಪುಟ. ವಾರಗಟ್ಟಲೆ ಅದೇ ನಡೆಯುತ್ತಿತ್ತು.

ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಏರಿಸಿ, ಅದರೊಳಗೆ ಒಂದು ಗಾಜು ಹಾಕಿ, ಹಲಗೆಯನ್ನು ಕೈಗೆ ಕೊಟ್ಟು, “ಹೂಂ, ಓದಿ” ಎನ್ನುತ್ತಿದ್ದರು. ಗಿರಾಕಿ ಗಟ್ಟಿಯಾಗಿ ಓದುತ್ತಿದ್ದ. ತಡವರಿಸಿದರೆ ಗಾಜು ಬದಲಾಯಿಸುತ್ತಿದ್ದರು. ಓದು ಓಡಿದರೆ ನಂಬರು ಸರಿಯಾಯಿತೆಂದು ಲೆಕ್ಕ. ಈ ಹೊತ್ತಿನಲ್ಲಿ ಸಂಪಾದಕರ ಒಂದು ಕಣ್ಣು ಗಿರಾಕಿಯ ಹುಬ್ಬಿನ ಮೇಲೆ, ಇನ್ನೊಂದು ಕಣ್ಣು ಟೀವಿಯ ಮೇಲೆ.

ಹೀಗೆ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಅಕ್ಕ ಕೇಂದ್ರದಿಂದ ಬೇಗ ಮರಳಿದಳು. ಬೀದಿಯಲ್ಲಿ ಯಾರ ಅಂಗಡಿಯ ಮುಂದೆಯೂ ನಿಲ್ಲಲಿಲ್ಲ. ಬಂದವಳೇ ಗಿರಾಕಿಗಳ ಕುರ್ಚಿಯಲ್ಲಿ ಕೂತಳು.

“ಈ ತಿಂಗಳಿಗೆ ಮುಗೀತಂತೆ” ಎಂದಳು.

“ಏನು ಮುಗೀತು?”

“ನಮ್ಮ ಕೇಂದ್ರ. ಮುಚ್ಚಿ ದೊಡ್ಡಾಸ್ಪತ್ರೆ ಹತ್ರ ತಗೊಂಡು ಹೋಗ್ತಾರಂತೆ. ಮೇಷ್ಟ್ರಮ್ಮನೂ ಅಲ್ಲಿಗೇ.”

ಸಂಪಾದಕರು ನಕ್ಕರು. “ಯಾರೋ ಸುಳ್ಳು ಹಬ್ಬಿಸಿದಾರೆ ಅಕ್ಕಾ. ಇದೇ ಈಗಿನ ಕಾಲದ ರೋಗ. ಪರಿಶೀಲನೆ ಮಾಡ್ದೆ ಏನೂ ನಂಬಬಾರದು.”

“ಮೇಷ್ಟ್ರಮ್ಮನೇ ಹೇಳಿದ್ದು ಕಣೋ.”

“ಅವಳಿಗೆ ಯಾರು ಹೇಳಿದ್ರು ಅಂತ ಕೇಳಿದ್ಯಾ? ಇಂಥದ್ದು ಆಗಬೇಕಾದ್ರೆ ಮೊದಲು ಪೇಪರಲ್ಲಿ ಬರಬೇಕು. ನನ್ನ ಕಣ್ಣು ತಪ್ಪಿಸಿ ಬರೋದುಂಟಾ?”

ಅಕ್ಕ ತಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಎದ್ದು ಒಳಗೆ ಹೋದಳು.

ಸಂಪಾದಕರು ಅಂದೇ ಅಂಗಡಿಗೆ ಬೀಗ ಹಾಕಿ ನಗರಸಭೆಗೆ ಹೋದರು. ಸುಳ್ಳು ಸುದ್ದಿಯನ್ನು ಬೇರುಸಹಿತ ಕಿತ್ತುಬರುವ ಉತ್ಸಾಹ ಅವರ ನಡಿಗೆಯಲ್ಲಿತ್ತು. ಒಳ್ಳೆಯ ಅಂಗಿ ಹಾಕಿದ್ದರು. ಜೇಬಿನಲ್ಲಿ ಎರಡು ಪೆನ್ನು.

ಆರೋಗ್ಯ ವಿಭಾಗದ ಅಧಿಕಾರಿ ಸಭ್ಯ ಮನುಷ್ಯ. ಕುರ್ಚಿ ತೋರಿಸಿದರು.

“ಹೌದು, ಸ್ಥಳಾಂತರ ಆಗ್ತಿದೆ. ಪ್ರಕಟಣೆ ಕೊಟ್ಟಿದ್ವಲ್ಲ” ಎಂದರು.

“ಎಲ್ಲಿ ಕೊಟ್ರಿ?”

“ಪತ್ರಿಕೆಯಲ್ಲಿ.”

“ಯಾವ ಪತ್ರಿಕೆ?”

ಅಧಿಕಾರಿ ಹೇಳಿದರು. ಅದು ಸಂಪಾದಕರ ಎರಡು ಪೇಪರುಗಳಲ್ಲಿ ಮೊದಲನೆಯದು. ಅವರ ಅಭಿಪ್ರಾಯವನ್ನು ದಿನವೂ ಸರಿ ಎನ್ನುವಂಥದು.

“ನೋಡಿ ಸಾರ್, ತಪ್ಪು ತಿಳ್ಕೋಬೇಡಿ. ಆ ಪೇಪರು ನಮ್ಮನೆಗೆ ನಮ್ಮಪ್ಪನ ಕಾಲದಿಂದ ಬರ್ತಿದೆ. ಅದರಲ್ಲಿ ಒಂದು ಸಾಲು ಅತ್ತಿತ್ತ ಆದ್ರೆ ನಾನು ಅವರಿಗೆ ಫೋನ್ ಮಾಡ್ತೀನಿ. ಅಂಥ ಪ್ರಕಟಣೆ ಬಂದಿಲ್ಲ. ನೀವು ಕೊಟ್ಟಿರಬಹುದು, ಅವರು ಹಾಕಿಲ್ಲ.” ಸಂಪಾದಕರ ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. “ಇದು ಜನರ ಕಣ್ಣಿಗೆ ಮಣ್ಣೆರಚೋ ಕೆಲಸ. ಒಬ್ಬ ಜವಾಬ್ದಾರಿಯುತ ಓದುಗನಾಗಿ ನಾನು...”

ಅಧಿಕಾರಿ ವಾದ ಮಾಡಲಿಲ್ಲ. ಒಂದು ಕಡತ ತರಿಸಿ, ಬಿಚ್ಚಿ, ಮೇಜಿನ ಮೇಲೆ ಸರಿಸಿದರು. ಅದರಲ್ಲಿ ಪೇಪರಿನ ಒಂದು ಇಡೀ ಪುಟವನ್ನು ಮಡಿಸಿ ಇಟ್ಟಿದ್ದರು.

ಸಂಪಾದಕರು ನೋಡಿದರು. ಎಡಗಡೆ ಮೇಲೆ ಹಳೆ ಲಾರಿಗಳ ಹರಾಜು. ಅದರ ಕೆಳಗೆ ಒಬ್ಬರು ತಮ್ಮ ಹೆಸರನ್ನು ಬದಲಿಸಿಕೊಂಡದ್ದು. ಪಕ್ಕದಲ್ಲಿ ನೀರಿನ ಕೊಳವೆಯ ಟೆಂಡರು. ಆ ಪುಟವನ್ನು ಅವರು ಒಮ್ಮೆಯೂ ಓದಿರಲಿಲ್ಲ. ಆದರೆ ಅದರ ಪ್ರತಿ ಸಾಲೂ ಅವರಿಗೆ ಬಾಯಿಪಾಠವಾಗಿತ್ತು. ಹರಾಜಿನ ಸಾಲು ಬೀಗದವನ ದನಿಯಲ್ಲಿ, ಟೆಂಡರಿನದು ಬಟ್ಟೆ ತೊಳೆಯುವಾಕೆಯ ದನಿಯಲ್ಲಿ. ಪುಟದ ನಡುವೆ, ಚೌಕಟ್ಟಿನೊಳಗೆ ಇದ್ದುದು ಎಲ್ಲರ ದನಿಯಲ್ಲೂ ಕೇಳಿದ್ದು: ‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ವಾರ್ಡಿನ ಆರೋಗ್ಯ ಕೇಂದ್ರವನ್ನು ಆಡಳಿತಾತ್ಮಕ ಕಾರಣಗಳಿಂದ ಮುಖ್ಯ ಆಸ್ಪತ್ರೆಯ ಆವರಣಕ್ಕೆ ಸ್ಥಳಾಂತರಿಸಲು ಉದ್ದೇಶಿಸಲಾಗಿದ್ದು, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಇರುವುದಿಲ್ಲವೆಂದು ಭಾವಿಸಲಾಗುವುದು.’

ಈ ‘ಸ್ಥಳಾಂತರಿಸಲು’ ಎಂಬಲ್ಲಿ ಜನ ಎಡವುತ್ತಿದ್ದರು. ಅದು ಸಂಪಾದಕರ ಮೆಚ್ಚಿನ ಜಾಗ. ಅಲ್ಲಿ ಎಡವದೆ ದಾಟಿದವನಿಗೆ ನಂಬರು ಸರಿಯಾಯಿತೆಂದು ಅವರ ಅನುಭವ ಹೇಳುತ್ತಿತ್ತು.

“ಒಬ್ಬರಿಂದಲೂ ಆಕ್ಷೇಪಣೆ ಬರಲಿಲ್ಲ. ನಮಗೂ ಆಶ್ಚರ್ಯ ಆಯ್ತು. ಜನಕ್ಕೆ ಒಪ್ಪಿಗೆ ಇದೆ ಅಂದ್ಕೊಂಡ್ವಿ” ಎಂದರು ಅಧಿಕಾರಿ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸಂಪಾದಕರಿಗೆ ಜಗಳವಾಡಲಾದರೂ ಒಂದು ದಾರಿ ಸಿಗುತ್ತಿತ್ತು.

“ಅವಧಿ...”

“ಮುಗಿದು ವಾರ ಆಯ್ತು.”

ಬೀದಿಗೆ ಸುದ್ದಿ ತಲುಪಲು ತಡವಾಗಲಿಲ್ಲ. ತಲುಪಿಸಿದ್ದು ಸಂಪಾದಕರಲ್ಲ, ನಗರಸಭೆಯ ಆ ಪಕ್ಕದ ಮೇಜಿನವರು. ಸಂಪಾದಕರಂತೂ ಜೀವನದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ತಾವೇ ಇಟ್ಟುಕೊಂಡು ಕೂತಿದ್ದರು. ಆದರೆ ಅಂಗಡಿಯ ಬಾಗಿಲ ಬಳಿ ಹಲಗೆ ನೇತಾಡುತ್ತಿತ್ತು. ಬೇಕರಿಯವನು ಬಂದು ಅದನ್ನು ತೆಗೆದು, ಈ ಸಲ ಕನ್ನಡಕವಿಲ್ಲದೆ, ಕೈಯನ್ನು ದೂರ ಚಾಚಿ ಓದಿಕೊಂಡ.

“ಅಯ್ಯೋ ಸ್ವಾಮಿ, ಇದನ್ನ ನಾನೇ ಓದಿದ್ನಲ್ಲ!”

“ಎಲ್ಲರೂ ಓದಿದ್ರಿ” ಎಂದರು ಸಂಪಾದಕರು.

“ಓದ್ದೆ ಅಂದ್ರೆ... ನಾನು ಅಕ್ಷರ ಕಾಣ್ಸುತ್ತಾ ಇಲ್ವಾ ಅಂತ ನೋಡ್ತಿದ್ದೆ. ಅದರಲ್ಲಿ ಏನಿದೆ ಅಂತ ಯಾರು ನೋಡ್ತಾರೆ?”

“ಅರ್ಥ ಆಗ್ಲಿಲ್ವಾ ನಿಮಗೆ?”

“ಆಗಿರಬಹುದು. ನೀವು ಎದುರಿಗೆ ನಿಂತಿದ್ರಲ್ಲ. ಏನಾದ್ರೂ ತೊಂದರೆ ಇದ್ದಿದ್ರೆ ನೀವೇ ಹಾರಾಡ್ತಿದ್ರಿ ಅಲ್ವಾ? ಎಲ್ಲೋ ಏಳು ಸಮುದ್ರದಾಚೆ ಚುನಾವಣೆ ಆದ್ರೆ ಕುಣಿದಾಡೋರು ನೀವು. ಸುಮ್ಮನಿದೀರಿ ಅಂದ್ರೆ ಎಲ್ಲಾ ಸರಿಯಾಗಿದೆ ಅಂತ ನಾವು ಅಂದ್ಕೊಂಡ್ವಿ.”

ಬೀಗದವನೂ ಹಾಗೇ ಹೇಳಿದ. ಬಟ್ಟೆ ತೊಳೆಯುವಾಕೆಯಂತೂ, “ನಮ್ಮ ಪರವಾಗಿ ನೋಡೋಕೆ ನೀವಿದ್ದೀರಲ್ಲಾಂತ ನಮ್ಮನೇಲಿ ಪೇಪರ್ ಹಾಕಿಸೋದೇ ಬಿಟ್ಟಿದ್ವಿ” ಎಂದಳು. ಇದು ಹೊಗಳಿಕೆಯೋ ದೂರೋ ಎಂಬುದು ಸಂಪಾದಕರಿಗೆ ತಿಳಿಯಲಿಲ್ಲ. ಬೀದಿಯೆಲ್ಲ ತನ್ನ ನಾಗರಿಕತನವನ್ನು ಒಬ್ಬ ಮನುಷ್ಯನ ಅಂಗಡಿಯಲ್ಲಿ ಬಿಟ್ಟುಹೋಗಿತ್ತು. ಆ ಮನುಷ್ಯ ಅಷ್ಟು ಹೊತ್ತೂ ಟೀವಿ ನೋಡುತ್ತಿದ್ದ.

ಸಂಜೆ ಅಂಗಡಿ ಮುಚ್ಚಿ ಒಳಗೆ ಹೋದಾಗ ಅಕ್ಕ ಎಡಗೈಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಬಲಗೈ ಸಿಪ್ಪೆಯನ್ನು ಒತ್ತಿ ಹಿಡಿಯುವಷ್ಟು ಕಲಿತಿತ್ತು.

“ಅಕ್ಕಾ, ನಿನ್ನ ಹೊಸ ಕನ್ನಡಕಕ್ಕೆ ನಂಬರು ನೋಡಿದ್ದು ಯಾವಾಗ?” ಎಂದು ಕೇಳಿದರು. ಕೇಳಲೇಬಾರದೆಂದು ಬೀದಿಯಲ್ಲೇ ನಿಶ್ಚಯಿಸಿದ್ದರು.

“ಹೋದ ತಿಂಗಳು.”

“ನೀನು...”

“ಓದ್ದೆ. ಅದೇ ಹಲಗೆ.”

ಸಂಪಾದಕರು ನೆಲ ನೋಡಿದರು.

“ಓದಿ ನಿನಗೆ ಹೇಳ್ದೆ ಕಣೋ. ‘ಏ, ಇದರಲ್ಲಿ ನಮ್ಮ ಕೇಂದ್ರದ ವಿಷಯ ಇದೆ’ ಅಂದೆ. ನೀನು ಟೀವಿ ನೋಡ್ತಾ ‘ಹೂಂ, ಮುಂದಿನ ಸಾಲು’ ಅಂದೆ. ನಾನು ಮುಂದಿನ ಸಾಲು ಓದ್ದೆ.”

“ಇನ್ನೊಂದು ಸಲ ಹೇಳಬಾರದಿತ್ತಾ?”

ಅಕ್ಕ ಒಂದು ಕಾಯಿಯನ್ನು ಬಿಡಿಸಿ ಮುಗಿಸಿದಳು. “ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ. ನಿನಗೆ ಗೊತ್ತಿಲ್ಲದ್ದು ಏನಿದೆ?”

ಅವಳ ಮಾತು ಸದಾ ಚುಚ್ಚುತ್ತಿತ್ತು ಎಂದೆನಲ್ಲ, ಈ ಸಲ ಚುಚ್ಚಲೆಂದು ಆಡಿದ್ದಲ್ಲ. ನಿಜವಾಗಿಯೂ ಹಾಗೆ ನಂಬಿದ್ದಳು. ಜೀವಮಾನವೆಲ್ಲ ತಮ್ಮನನ್ನು ಗೇಲಿ ಮಾಡಿದವಳು ಒಳಗೊಳಗೇ ಅವನನ್ನು ಇಷ್ಟು ದೊಡ್ಡವನೆಂದು ತಿಳಿದಿದ್ದಳೆಂಬುದು ಸಂಪಾದಕರಿಗೆ ಅಂದು ಗೊತ್ತಾಯಿತು. ಗೊತ್ತಾಗಬಾರದ ದಿನ ಗೊತ್ತಾಯಿತು.

ಒಂದು ಬಾಗಿಲು ಇನ್ನೂ ತೆರೆದಿತ್ತು. ವಾರ್ಡಿನ ಜನರ ಅಹವಾಲು ಕೇಳಲು ಅಲ್ಲಿನ ನಗರಸಭಾ ಸದಸ್ಯೆ ಆಗಾಗ ಶಾಲೆಯ ಸಭಾಂಗಣದಲ್ಲಿ ಸಭೆ ಕರೆಯುತ್ತಿದ್ದರು. ಮುಂದಿನ ಸಭೆ ಕೇಂದ್ರ ಮುಚ್ಚುವ ಮೊದಲೇ ಇತ್ತು. ಸದಸ್ಯೆ ಮನಸ್ಸು ಮಾಡಿದರೆ ಆದೇಶವನ್ನು ತಡೆಹಿಡಿಯಲು ನಗರಸಭೆಗೆ ಬರೆಯಬಹುದೆಂದು ಆ ಅಧಿಕಾರಿಯೇ ಬಾಗಿಲವರೆಗೆ ಬಂದು ಹೇಳಿದ್ದರು. ಸಂಪಾದಕರು ಭಾಷಣದ ತಯಾರಿಗೆ ಕೂತರು. ಅಲ್ಲಿಂದ ಮುಂದಿನ ದಿನಗಳಲ್ಲಿ ಟೀವಿ ಆರಿತ್ತು. ಕನ್ನಡಕಕ್ಕೆ ಬಂದವರಿಗೆ ನಾಳೆ ಬನ್ನಿ ಎನ್ನುತ್ತಿದ್ದರು. ಬೇಕರಿಯವನು ಇಣುಕಿ ನೋಡಿ, “ಚಿಕ್ಕದಾಗಿ ಹೇಳಿ ಸ್ವಾಮಿ. ಅಕ್ಕನ ಕಾಲು, ನಮ್ಮ ಬೀದಿ, ಅಷ್ಟೇ ಹೇಳಿ” ಎಂದ.

“ಹಾಗೆ ಬರೀ ಕಾಲಿನ ವಿಷಯ ಹೇಳೋಕಾಗಲ್ಲ. ಒಂದು ಹಿನ್ನೆಲೆ ಬೇಕು” ಎಂದರು ಸಂಪಾದಕರು.

ಸಭೆಯ ದಿನ ಸಭಾಂಗಣ ತುಂಬಿತ್ತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮಂಡಿ ಮಡಿಸಿ ಕೂತಿದ್ದರು. ಜನ ಹೆಚ್ಚು ಬಂದದ್ದು ಕೇಂದ್ರಕ್ಕಾಗಿ ಅಲ್ಲ, ಹೊಸದಾಗಿ ಹಾಕಿದ ವಾಹನ ನಿಲುಗಡೆಯ ದಂಡಕ್ಕಾಗಿ. ಮಾತಾಡುವವರಿಗೆ ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಮೀರಿದರೆ ಸದಸ್ಯೆಯ ಪಕ್ಕದಲ್ಲಿ ಕೂತವನು ಮೇಜಿನ ಮೇಲಿನ ಗಂಟೆ ಒತ್ತುತ್ತಿದ್ದ.

ಸಂಪಾದಕರ ಸರದಿ ಬಂತು. ಮೈಕಿನ ಕತ್ತನ್ನು ತಮ್ಮ ಎತ್ತರಕ್ಕೆ ಹೊಂದಿಸಿಕೊಂಡು, ಗಂಟಲು ಸರಿಮಾಡಿಕೊಂಡು, ನಾಗರಿಕ ಎಂಬ ಕಲ್ಪನೆ ಮೊಟ್ಟಮೊದಲು ಎಲ್ಲಿ ಹುಟ್ಟಿತು ಎಂಬಲ್ಲಿಂದ ಶುರು ಮಾಡಿದರು. ಮಾತು ನಿಜಕ್ಕೂ ಚೆನ್ನಾಗಿತ್ತು. ಹಿಂದಿನ ಬೆಂಚಿನಲ್ಲಿ ಬೇಕರಿಯವನು ತಲೆಗೆ ಕೈ ಹಚ್ಚಿ ಕೂತ. ಸಂಪಾದಕರು ಕೆಲವು ಶತಮಾನಗಳನ್ನು ದಾಟಿ, ಎರಡು ಕ್ರಾಂತಿಗಳನ್ನು ಮುಗಿಸಿ, ಸಾರ್ವಜನಿಕ ಆರೋಗ್ಯದ ಮಹತ್ವಕ್ಕೆ ಬರುವ ಹೊತ್ತಿಗೆ ಗಂಟೆ ಬಡಿಯಿತು. ನಮ್ಮ ಬೀದಿ ಇನ್ನೂ ಬಹಳ ದೂರವಿತ್ತು.

“ವಿಷಯಕ್ಕೆ ಬಂದೆ, ಈಗ ಬಂದೆ” ಎಂದರು.

“ಮುಗೀತು ಸಾರ್, ಬೇರೆಯವರಿಗೂ ಅವಕಾಶ ಕೊಡಿ” ಎಂದರು ಸದಸ್ಯೆ.

“ಒಂದೇ ಮಾತು, ನಮ್ಮ ಅಕ್ಕ...”

ಮೈಕು ಆರಿತು. ಬಾಯಿ ಮಾತ್ರ ಇನ್ನೊಂದಿಷ್ಟು ಹೊತ್ತು ಆಡಿತು, ಅವರ ಅಂಗಡಿಯ ಟೀವಿಯಲ್ಲಿ ಆಡುವವರಂತೆ.

ಆಗ ಅಕ್ಕ ಎದ್ದಳು. ತನ್ನ ಹೆಸರನ್ನೂ ಕೊಟ್ಟಿದ್ದಳೆಂದು ತಮ್ಮನಿಗೂ ಗೊತ್ತಿರಲಿಲ್ಲ. ಸದಸ್ಯೆಯ ಪಕ್ಕದವನು ಕರೆದ ಕೂಡಲೇ ಬೆಂಚಿನ ಅಂಚು ಹಿಡಿದು ನಿಂತು, ಕೋಲೂರಿ, ಎರಡು ಸಾಲಿನ ನಡುವಿನ ದಾರಿಗೆ ಬಂದಳು. ಬಲಗಾಲನ್ನು ಎಳೆದು ಮುಂದಿಟ್ಟಳು. ನಿಂತಳು. ಎಡಗಾಲು. ನಿಂತಳು. ಜನ ಬೆಂಚುಗಳ ಪಕ್ಕಕ್ಕೆ ಚಾಚಿದ್ದ ತಮ್ಮ ಕಾಲುಗಳನ್ನು ಒಳಕ್ಕೆಳೆದುಕೊಂಡರು.

“ಅಮ್ಮಾ, ಅಲ್ಲಿಂದಲೇ ಕೂತು ಹೇಳಿ, ಪರವಾಗಿಲ್ಲ” ಎಂದರು ಸದಸ್ಯೆ.

“ಬರ್ತಾ ಇದೀನಿ” ಎಂದಳು ಅಕ್ಕ.

ಅರ್ಧ ದಾರಿಯಲ್ಲಿ ಗಂಟೆ ಬಡಿಯಿತು. ಒತ್ತಿದವನಿಗೂ ನಾಚಿಕೆಯಾಗಿರಬೇಕು, ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಯಾರೋ ಒಬ್ಬರು, “ಅವರು ಇನ್ನೂ ಮಾತೇ ಆಡಿಲ್ವಲ್ರೀ” ಎಂದರು. ಇನ್ನೊಬ್ಬರು, “ದಂಡದ ವಿಷಯ ಯಾವಾಗ ತಗೊಳ್ತೀರಿ? ಕೆಲಸ ಬಿಟ್ಟು ಬಂದಿದೀವಿ” ಎಂದರು. ಮಾತಿಗೆ ಮಾತು ಬೆಳೆಯಿತು. ಮುಂದಿನ ಸಾಲಿನಲ್ಲಿದ್ದ ಲಾರಿಯ ಮಾಲೀಕನೊಬ್ಬ ನೇರ ಮೈಕಿಗೆ ಹೋಗಿ ನಿಂತ. ಅವನ ಹಿಂದೆ ಇನ್ನೂ ಮೂವರು. ಅಕ್ಕ ದಾರಿಯ ನಡುವೆ ಕೋಲೂರಿ ನಿಂತಿದ್ದಳು. ಮೈಕಿನ ಬಳಿ ತಲುಪಿದಾಗ ಅಲ್ಲಿ ಜಗಳ ನಡೆಯುತ್ತಿತ್ತು. ಅವಳನ್ನು ಯಾರೂ ತಳ್ಳಲಿಲ್ಲ. ಬದಲಿಗೆ ಒಬ್ಬಾತ ಮರ್ಯಾದೆಯಿಂದ ಕುರ್ಚಿ ತಂದು ಕೊಟ್ಟ. ಅವಳು ಕೂತಳು. ಸಭೆ ಮುಗಿಯುವವರೆಗೆ ಕೂತೇ ಇದ್ದಳು.

ಸದಸ್ಯೆ ಕೊನೆಗೆ, “ಆರೋಗ್ಯ ಕೇಂದ್ರದ ವಿಷಯವನ್ನು ಪರಿಶೀಲಿಸಲಾಗುವುದು” ಎಂದರು. ಹೀಗೆಂದರೆ ಏನರ್ಥವೆಂದು ಪೇಪರು ಓದುವ ಯಾರಿಗಾದರೂ ಗೊತ್ತು.

ಮರುದಿನದ ಪೇಪರಿನಲ್ಲಿ ಸಭೆಯ ವರದಿ ಬಂತು. ದಂಡದ ಗಲಾಟೆ, ಲಾರಿ ಮಾಲೀಕನ ಚಿತ್ರ. ತಿಂಗಳ ಕೊನೆಗೆ ಕೇಂದ್ರದ ಬಾಗಿಲಿಗೆ ಬೀಗ ಬಿತ್ತು. ಗೋಡೆಯ ಕಂಬಿಯನ್ನು ಬಿಚ್ಚಿ ಗಾಡಿಗೆ ಹಾಕುವಾಗ ಮೇಷ್ಟ್ರಮ್ಮ ಹೊರಗೆ ನಿಂತಿದ್ದಳು. “ವಾರಕ್ಕೆ ಒಂದು ಸಲವಾದ್ರೂ ಅಲ್ಲಿಗೆ ಕರ್ಕೊಂಡು ಬನ್ನಿ ಸಾರ್” ಎಂದಳು.

ಸಂಪಾದಕರು ಕರೆದುಕೊಂಡೂ ಹೋದರು. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಬಸ್ಸಿನ ಮೆಟ್ಟಿಲು ಅಕ್ಕನ ಮಂಡಿಯಷ್ಟು ಎತ್ತರ. ಸಂಪಾದಕರು ಹಿಂದಿನಿಂದ ಎತ್ತಿ, ಕಂಡಕ್ಟರು ಮುಂದಿನಿಂದ ಎಳೆದು, ನಡುವೆ ಅಕ್ಕ ಇಬ್ಬರನ್ನೂ ಬೈದು, ಒಳಗೆ ಹೋದದ್ದಾಯಿತು. ಅಲ್ಲಿ ಸರದಿಯಲ್ಲಿ ಅರ್ಧ ದಿನ. ಮರಳಿ ಬಂದ ಅಕ್ಕ ಎರಡು ದಿನ ಮಲಗಿದಳು. ಎರಡನೆಯ ಸಲವೂ ಹೋದಳು. ಮೂರನೆಯ ಸಲ ಬಸ್ಸು ಬಂದು ನಿಂತಾಗ ಮೆಟ್ಟಿಲನ್ನು ನೋಡಿ, “ಹೋಗಲಿ ಬಿಡು, ಕಳಿಸು ಅದನ್ನ” ಎಂದಳು. ಬಸ್ಸು ಹೋಯಿತು.

ಈಗ ಸಂಪಾದಕರು ಆಕ್ಷೇಪಣೆಗಳನ್ನು ಬರೆಯುತ್ತಾರೆ. ಚಿಕ್ಕದಾಗಿ ಬರೆಯುತ್ತಾರೆ, ಹಿನ್ನೆಲೆಯಿಲ್ಲದೆ. ಬೀದಿಯವರೆಲ್ಲ ಸಹಿ ಹಾಕುತ್ತಾರೆ. ಈ ಸಲ ಏನಿದೆಯೆಂದು ಓದಿಯೇ ಹಾಕಬೇಕೆಂದು ಸಂಪಾದಕರು ಹಟ ಹಿಡಿಯುವುದರಿಂದ ಬೇಕರಿಯವನಿಗೆ ಮತ್ತೆ ಬನ್ನು ಹೊತ್ತಿಸಿಕೊಳ್ಳುವ ಕಷ್ಟ. ನಗರಸಭೆಯಿಂದ ‘ತಲುಪಿದೆ’ ಎಂಬ ಉತ್ತರ ಬಂದಿದೆ. ಮುಂದಿನದು ಬಂದಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಅಕ್ಕನ ನಡಿಗೆ ಬೇಕರಿಯವರೆಗೆ ಇಳಿದಿದೆ. ಬೀಗದವನು ಅವಳ ಮಾತು ಕೇಳಬೇಕೆಂದರೆ ತಾನೇ ಎದ್ದು ಬರಬೇಕು.

ಬೆಳಗಿನ ವಾರ್ತೆಯ ಹೊತ್ತಿಗೆ ಮನೆಯಲ್ಲಿ ಈಗ ಬೇರೆಯೇ ಕೆಲಸ ನಡೆಯುತ್ತದೆ. ಮೇಷ್ಟ್ರಮ್ಮ ಫೋನಿನಲ್ಲಿ ಹೇಳಿಕೊಟ್ಟಂತೆ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಸಂಪಾದಕರು ಎದುರಿಗೆ ನೆಲದ ಮೇಲೆ ಕೂತು, ಅಂಗೈಯನ್ನು ಗಾಳಿಯಲ್ಲಿ ಹಿಡಿಯುತ್ತಾರೆ. ಅಕ್ಕ ಬಲಗಾಲೆತ್ತಿ ಅದನ್ನು ಮುಟ್ಟಬೇಕು. ಮುಟ್ಟಿದರೆ ಕೈ ಇನ್ನಷ್ಟು ಮೇಲೆ ಹೋಗಬೇಕು. ಸಂಪಾದಕರಿಗೆ ಈ ವಿದ್ಯೆ ಬಾರದು. ಹಿಡಿಯಬೇಕಾದಲ್ಲಿ ಹಿಡಿಯುವುದಿಲ್ಲ, ಬಿಡಬೇಕಾದಲ್ಲಿ ಬಿಡುವುದಿಲ್ಲ. ಅಕ್ಕ ಬೈಯುತ್ತಾಳೆ.

ಮೊನ್ನೆ ಬೆಳಿಗ್ಗೆ ಕಾಲು ಎಷ್ಟೆತ್ತಿದರೂ ಅಂಗೈಗೆ ಎಟುಕಲಿಲ್ಲ. ಹಿಂದಿನ ವಾರ ಸಲೀಸಾಗಿ ಮುಟ್ಟಿದ್ದ ಎತ್ತರವೇ ಅದು. ಅಕ್ಕನ ಹಣೆಯಲ್ಲಿ ಬೆವರೊಡೆಯಿತು. ಸಂಪಾದಕರು ಕಿಟಕಿಯ ಕಡೆ ನೋಡಿದಂತೆ ಮಾಡಿ, ಕೈಯನ್ನು ಸದ್ದಿಲ್ಲದೆ ಚೂರು ಕೆಳಗಿಳಿಸಿದರು. ಪಾದ ಅಂಗೈಗೆ ತಗಲಿತು.

“ನೋಡು, ಬಂತು!” ಎಂದರು.

“ಕಳ್ಳ” ಎಂದಳು ಅಕ್ಕ. “ಕೈ ಇಳಿಸಿದೆ.”

“ಇಲ್ಲಕ್ಕಾ.”

“ನನ್ನ ಹತ್ರ ಸುಳ್ಳು ಹೇಳಬೇಡ. ಎಲ್ಲಿತ್ತೋ ಅಲ್ಲಿಗೇ ಎತ್ತು.”

ಎತ್ತಿದರು. ಕಾಲು ಮೇಲೆದ್ದಿತು, ನಡುಗಿತು, ಅಷ್ಟು ದೂರ ಬಂದು ಅಲ್ಲೇ ನಿಂತಿತು. ಕೆಳಗಿಳಿಯಿತು.

“ಇನ್ನೊಂದು ಸಲ” ಎಂದಳು ಅಕ್ಕ. “ಕೈ ಅಲ್ಲೇ ಇರಲಿ.”